ತಣ್ಣೀರು ಹರಿಯೋ ಹಾಸಿಗೆ

ಅವ್ವ,

ಪುಷ್ಪಂಗೆ ಬಟ್ಟೆ ತಕಂಡೋಗಕ್ಕೆ ಬಂದಿದ್ದೆ. ಫೋನು ಮನೇಲೇ ಬಿಟ್ಟು ಹೊಲಕ್ಕೆ ಹೋಗಿದ್ದೀಯಲ್ಲ, ಏನ್ ಹೇಳ್ಲಿ ನಿನಗೆ! ಬಸ್ಸಿಗೆ ಹೊತ್ತಾಯ್ತು, ಮೈಸೂರು ಆಸ್ಪತ್ರೆಗೆ ವಾಪಸ್ ಹೋಯ್ತೀನಿ.

ನನ್ ಕೂಸಿಗೆ ನಿನ್ ಉಣ್ಣೆ ಟೋಪಿ ಹಾಕ್ಲಿಲ್ಲ ಅಂತ ಡಾಕ್ಟ್ರ ಮೇಲೆ ಸಿಟ್ಟು ಮಾಡ್ಕೋಬ್ಯಾಡ. ಹುಟ್ಟೋವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾಗಿತ್ತಂತೆ. ಅದು ಇನ್ನೂ ಕೆಡಬಾರದು ಅಂತ ಮೂರು ದಿನ ಮೈ ತಣ್ಣಗಿಟ್ಟಿದ್ರು. ಕೂಸನ್ನ ಮಲಗಿಸಿದ್ದ ಹಾಸಿಗೆಯೊಳಗೆ ತಣ್ಣೀರು ಹರೀತದೆ ಕಣವ್ವ! ಕೂಸಿನ ಮೈ ಎಷ್ಟು ಬಿಸಿ ಅದೆ ಅಂತ ಮಿಷನ್ನೇ ನೋಡ್ಕಂಡು, ನೀರಿನ ತಂಪನ್ನೂ ಅದೇ ಸರಿ ಮಾಡ್ಕತದೆ. ನಾನು ಕಾಲು ಮುಟ್ಟಿ ಬೆಚ್ಚಿಬಿದ್ದೆ. ಮೈ ತಣ್ಣಗಾದ್ರೆ ಮುಗೀತು ಅಂತಿದ್ವಿ, ಆ ತಂಪೇ ಕೂಸನ್ನ ಉಳಿಸ್ತು ಅಂದ್ರೆ ಇನ್ನೂ ನಂಬಕ್ಕಾಯ್ತಾ ಇಲ್ಲ.

ನೆನ್ನೆ ನಿಧಾನಕ್ಕೆ ಮೈ ಬೆಚ್ಚಗೆ ಮಾಡಿದ್ರು. ಇವತ್ತು ಬೆಳಿಗ್ಗೆ ಕಣ್ಬಿಟ್ಟು ಪುಷ್ಪನ ಬೆರಳು ಹಿಡ್ಕಂತು. "ಇನ್ನೂ ಕೆಲವು ದಿನ ನೋಡ್ಬೇಕು, ಆದ್ರೆ ಒಳ್ಳೇ ಸೂಚನೆ" ಅಂದ್ರು ಡಾಕ್ಟ್ರು.

ಹಸೂಗೆ ನೀರು ಕುಡಿಸಿದ್ದೀನಿ. ಸಾರು ಒಲೆ ಮೇಲದೆ, ಊಟ ಬಿಡಬ್ಯಾಡ.

ಬೆರಳು ಹಿಡ್ಕಂಡಾದ್ಮೇಲೆ ಕೂಸು ಮೊದಲ ಸಲ ಅಳ್ತು ಅವ್ವ, ವಾರ್ಡೆಲ್ಲ ಕೇಳಂಗೆ. ಪುಷ್ಪ ಸಮಾಧಾನ ಮಾಡಕ್ಕೆ ಹೋದ್ಲು. ನಾನೇ, "ತಡಿ ಪುಷ್ಪ, ಇನ್ನೊಂದ್ ಗಳಿಗೆ ಕೇಳಾನ" ಅಂದೆ.

ಮಾದು