ಬರಿದಾಗದ ಹರವಿ

೨೦೨೪ ಮೇ ೩, ಶುಕ್ರವಾರ. ಬೆಳಗ್ಗೆ ಆರು
ಅರವಟ್ಟಿಗೆಯ ಮಣ್ಣಿನ ಹರವಿಯಲ್ಲಿ ನೀರು ಮುಕ್ಕಾಲಿತ್ತು. ಮೇಲೆ ಮೂರು ಕೊಡ ಸುರಿದೆ — ತುಂಬಿತು. ಬಾಗೇವಾಡಿ ರಸ್ತೆಯಲ್ಲಿ ಇಂಥ ಅರವಟ್ಟಿಗೆ ಇನ್ನೊಂದು ತೋರಿಸಲಿ, ಮೀಸೆ ಬೋಳಿಸುತ್ತೇನೆ. ಹನ್ನೊಂದು ವರ್ಷ. ಒಂದು ದಿನವೂ ಬರಿದಾಗಿಲ್ಲ. ದಾರಿಹೋಕರ ಹರವಿಯ ತಳ ಕಂಡರೆ ಇಟ್ಟವನ ಮನೆ ಬರಿದಾಗುತ್ತದೆ ಎನ್ನುತ್ತಿದ್ದ ಅಪ್ಪ. ಗೋಡೆಯ ಮೇಲೆ ನಾನೇ ಬಣ್ಣದಲ್ಲಿ ಬರೆದಿದ್ದೇನೆ — ಹನ್ನೊಂದು ವರ್ಷ ಬರಿದಾಗದ ನೀರು. ಏಳನೇ ಇಯತ್ತೆ ಕಲಿತವನ ಅಕ್ಷರ. ಮಾಸ್ತರರೂ ನಿಂತು ನೋಡುತ್ತಾರೆ.
ಯಾವನೋ ಹರವಿಯ ಬುಡಕ್ಕೇ ಗುಟ್ಕಾ ಉಗುಳಿದ್ದಾನೆ. ಥೂ. ಜನರೋ, ದನಗಳೋ.

ಮೇ ೪. ಮಧ್ಯಾಹ್ನ
ಅಕ್ಕನ ಮಗಳು ಕಾವೇರಿ ಬಂದಿದ್ದಳು. ಊರಿನ ಆಶಾ ಕಾರ್ಯಕರ್ತೆ. ಹರವಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ಇಣುಕಿದಳು. ಹುಳ ಇವೆಯಂತೆ, ಡೆಂಗಿ ಸೊಳ್ಳೆಯ ಮರಿ. ನೀರು ಪೂರ್ತಿ ಚೆಲ್ಲಿ, ಒಳಮೈ ತಿಕ್ಕಿ, ಒಣಗಿಸಬೇಕಂತೆ — ವಾರಕ್ಕೊಮ್ಮೆ. ಮತ್ತೆ ತುಂಬಿದ ಮೇಲೆ ಬಟ್ಟೆ ಬಿಗಿಯಬೇಕಂತೆ. ನಾಳೆ ಬಂದು ನೋಡುತ್ತಾಳಂತೆ. ನಾನು ಎತ್ತಿ ಆಡಿಸಿದ ಕೂಸು, ನನ್ನ ನೀರಿಗೇ ಕೆಟ್ಟ ಹೆಸರಿಡುತ್ತದೆ.

ಮೇ ೫
ಹಳೆ ಧೋತರದ ತುಂಡಿನಿಂದ ಹುಳ ಬಳಿದು ತೆಗೆದೆ. ನೀರು ಚೆಲ್ಲಲಿಲ್ಲ. ಕಾವೇರಿಗೆ ಏನೂ ಕಾಣಲಿಲ್ಲ. ತೊಳೆದಿರಾ ಎಂದು ಕೇಳಿದಳು. ತಿಕ್ಕಿ ತಿಕ್ಕಿ ತೊಳೆದೆ ಅಂದೆ. ಗೋಡೆಗೆ ಸೀಮೆಸುಣ್ಣದ ಖಡುವಿನಿಂದ ತೊಳೆದ ತಾರೀಖು ಬರೆದು ಹೋದಳು, ಪಾಪ. ಎದುರಿನ ಚಹಾದ ಅಂಗಡಿಯ ರಸೂಲಸಾಬನಿಗೆ ಹೇಳಿ ನಕ್ಕೆ.
ಅವನು ನಗಲಿಲ್ಲ. "ಅದಕ್ಕ ನಾ ಚಾಕ್ಕ ನಿನ್ನ ನೀರು ಮುಟ್ಟಂಗಿಲ್ಲೋ ಮಾರಾಯಾ" ಅಂದ.
ಹೊಟ್ಟೆಕಿಚ್ಚು.

ಮೇ ೧೨. ಸಂಜೆ
ಮುದ್ದೇಬಿಹಾಳದಿಂದ ಲಚ್ಯಾಣದ ಮಠಕ್ಕೆ ನಡೆದು ಹೊರಟವರಲ್ಲಿ ಗುಂಡವ್ವ ಎಂಬ ಮುದುಕಿ ಮೂರು ದಿನ ಇಲ್ಲೇ ಉಳಿದಿದ್ದಳು. ಅಂಗಾಲೆಲ್ಲ ಬೊಕ್ಕೆ. ರಾತ್ರಿ ಸೊಳ್ಳೆಪರದೆ ಕಟ್ಟಿಕೊಟ್ಟೆ — ಯಾವ ಲಾಡ್ಜಿನವನು ಕೊಡುತ್ತಾನೆ? ಹಗಲು ಹರವಿಯ ಪಕ್ಕದ ತಂಪಿನಲ್ಲೇ ಹೊರಸು ಹಾಕಿದೆ. ಮಲಗಿದಲ್ಲೇ ಕಾಲು ಪಟಪಟ ಬಡಿದುಕೊಳ್ಳುತ್ತಿದ್ದಳು.
"ನಿನ್ನ ಸೊಳ್ಳಿಗೆ ಹಗಲೂ ಹೊಟ್ಟಿ ಹಸೀತೈತೇನೋ ತಮ್ಮಾ?"
ನಿನ್ನ ರಕ್ತ ಸಿಹಿ ಇರಬೇಕಬೇ ಎಂದು ನಗಿಸಿದೆ. ಇವತ್ತು ನನ್ನ ಫೋನ್ ನಂಬರು ಬರೆದುಕೊಟ್ಟು ಮಠದ ಕಡೆ ಜೀಪಿನಲ್ಲಿ ಕಳಿಸಿದೆ. ನನ್ನ ತಲೆ ಮುಟ್ಟಿ ಹೋದಳು.

ಮೇ ೨೦. ಇಂಡಿಯಿಂದ ಬಂದು
ಗುಂಡವ್ವ ಇಂಡಿಯ ಆಸ್ಪತ್ರೆಯಲ್ಲಿದ್ದಾಳೆ ಎಂದು ಅವಳ ಮಗ ಯಂಕಪ್ಪ ಫೋನ್ ಮಾಡಿದ್ದ. ಹೋದೆ. ಡೆಂಗಿ. ವಸಡಿನಲ್ಲಿ ರಕ್ತ. ಪ್ಲೇಟ್‌ಲೆಟ್ ಇಳಿಯುತ್ತಿದೆಯಂತೆ. ಇವಳು ಹಗಲು ಎಲ್ಲಿ ಮಲಗುತ್ತಿದ್ದಳು ಎಂದು ಡಾಕ್ಟರು ಕೇಳಿದರು. ಇದು ಹಗಲು ಕಚ್ಚುವ ಸೊಳ್ಳೆಯಂತೆ.
ಮುದುಕಿ ಕಣ್ಣು ತೆರೆದು ನನ್ನತ್ತ ಕೈ ಮಾಡಿದಳು. "ಈ ತಮ್ಮನ ನೆರಳಾಗ ಇದ್ನಿರಿ. ತಾಯಿ ಹೊಟ್ಟ್ಯಾಗ ಇದ್ದಂಗ ಇತ್ತು."
ಎಲ್ಲರೂ ನನ್ನ ಮುಖ ನೋಡಿದರು. ಯಂಕಪ್ಪ ಕೈ ಮುಗಿದ. ನಾನೂ... ಮುಗಿದೆ. ಹುಳದ ಮಾತು ಎತ್ತದೆ ಬಸ್ಸು ಹತ್ತಿದೆ.

ಮೇ ೨೧. ಬೆಳಗ್ಗೆ
ಹರವಿ ಬೋರಲು ಹಾಕಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ತಳದಲ್ಲಿ ಸಿಂಬಳದಂಥ ಲೋಳೆ, ನಾಲ್ಕು ಬೆರಳು ದಪ್ಪ. ಅದರಲ್ಲಿ ಹುಳ ಮಿಜಿಮಿಜಿ — ನೆಲಕ್ಕೆ ಬಿದ್ದರೂ ಕುಣಿಯುತ್ತಿದ್ದವು. ಇದನ್ನು ಚರಿಗೆಯಲ್ಲಿ ತುಂಬಿ ತುಂಬಿ ಪುಣ್ಯ ಎಂದು ಕೊಟ್ಟೆನಲ್ಲ.
ಕಾವೇರಿಯನ್ನು ಕರೆಸಿ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.
"ಸುಳ್ಳು ಹೇಳಿದ್ದು ಇರ್ಲಿ ಮಾಮಾ. ಹಗಲು ಇಲ್ಲಿ ಮಲಗಿದವರು ಮತ್ತ ಯಾರ್‍ಯಾರು? ಹೆಸರು ಹೇಳ್ರಿ."
ಒಂಬತ್ತು ಹೆಸರು ನೆನಪಾದವು. ಬರೆದುಕೊಂಡಳು. ಎಷ್ಟು ನೆನಪಾಗಲಿಲ್ಲವೋ.
ಗೋಡೆಯ ಬರಹಕ್ಕೆ ಸುಣ್ಣ ಹೊಡೆದೆ. ಒಂದು ಕೈ ಸಾಲಲಿಲ್ಲ, ಅಕ್ಷರ ಮತ್ತೆ ಎದ್ದು ಕಾಣುತ್ತವೆ.

ಮೇ ೨೪
ಯಂಕಪ್ಪ ಫೋನ್ ಎತ್ತುತ್ತಿಲ್ಲ.

ಜೂನ್ ೨. ಮಧ್ಯಾಹ್ನ
ಹರವಿ ತೊಳೆಯುವ ದಿನ. ತಿಕ್ಕಿ ಬಿಸಿಲಿಗೆ ಬೋರಲು ಹಾಕಿದ್ದೆ. ಜೀಪು ನಿಂತಿತು. ಯಂಕಪ್ಪ ಇಳಿದ, ಹಿಂದೆ ಅವ್ವನನ್ನು ಇಳಿಸಿದ. ಅರ್ಧ ಆಗಿದ್ದಾಳೆ. ಡಾಕ್ಟರು ಬಿಟ್ಟ ಮೇಲೆ ಊರಿಗೆ ಹೊರಟವಳು, ಈ ನೀರು ಕುಡಿದೇ ಮುಂದೆ ಎಂದು ಹಟ ಹಿಡಿದಳಂತೆ. ಚರಿಗೆ ಚಾಚಿದಳು.
ರಸೂಲಸಾಬ ಅಂಗಡಿಯಿಂದ ನೋಡುತ್ತಿದ್ದ. ಹೊಸ ಸುಳ್ಳೊಂದು ನಾಲಿಗೆಯ ತುದಿಗೇ ಬಂದಿತ್ತು — ನನಗೆ ಅವಕ್ಕೆ ಬರವೇ?
ಹೇಳಿಬಿಟ್ಟೆ. ನಿನ್ನನ್ನು ಮಲಗಿಸಿದ್ದು ಸೊಳ್ಳೆಯ ಮನೆಯಲ್ಲಿ. ಹುಳ ಇರುವುದು ಗೊತ್ತಿದ್ದೇ ಮಲಗಿಸಿದೆ. ಯಂಕಪ್ಪನ ಮುಖ ಕಪ್ಪಿಟ್ಟಿತು. ಜೀಪಿನ ಬಾಗಿಲು ತೆರೆದು, ಹತ್ತು ಬೇ ಅಂದ.
ಮುದುಕಿ ಹತ್ತಲಿಲ್ಲ. ಬೋರಲು ಬಿದ್ದ ಹರವಿಯನ್ನು ನೋಡಿದಳು, ನನ್ನನ್ನು ನೋಡಿದಳು. ಚಾಚಿದ ಚರಿಗೆ ಹಾಗೇ ಇತ್ತು. ನಾನು ಕೊಡ ತೆಗೆದುಕೊಂಡು ನಳದ ಕಡೆ ಓಡಿದೆ, ಹೊಸ ನೀರು ತಂದು ಅವಳ ಚರಿಗೆ ತುಂಬಿದೆ.