ನಿನ್ನ ಮೈಯಲ್ಲಿ ಕರೆಂಟ್ ಇರಲಿಲ್ಲ

ಪ್ರೀತಿಯ ಅವ್ವ,

ಪಾಪುವಿಗೆ ಎರೆಯಲು ಬಚ್ಚಲಲ್ಲಿ ನೀರು ಕಾಯಿಸಿಟ್ಟಿದ್ದ ಆ ಬೆಳಗು ನೆನಪಿದೆಯಾ? ಮೊಳಕಾಲ್ಮೂರಿನ ಮನೆಗೆ ನಾನು ಬಾಣಂತನಕ್ಕೆ ಬಂದಿದ್ದೆ. ನಿನ್ನ ಎದೆಯ ಗಡ್ಡೆಗೆ ಆಸ್ಪತ್ರೆಯಲ್ಲಿ ಕರೆಂಟ್ ಇಟ್ಟು ಮುಗಿದಿತ್ತು. ಕೇರಿಯ ಕೂಸುಗಳಿಗೆಲ್ಲ ಕಾಲು ಚಾಚಿ ಕೂತು ಎರೆದವಳು ನೀನು, ಸ್ವಂತ ಮೊಮ್ಮಗಳನ್ನು ತಂದರೆ ಗೋಡೆಗೆ ಅಂಟಿಕೊಂಡೆ. ಗಾಬರಿಯಾದರೆ ನಿನ್ನ ಬಾಯಿಗೆ ತವರಿನ ತೆಲುಗೇ ಬರುತ್ತಿತ್ತು.

“ವದ್ದು, ವದ್ದು! ಬ್ಯಾಡ ಕಣೇ, ನನ್ನ ಮೈಯಾಗೆ ಕರೆಂಟ್ ಐತೆ. ನೀರು ಬಿದ್ರೆ ಕೂಸಿಗೆ ಹೊಡಿತೈತೆ.”

ಆ ಹಾಳು ಪದವನ್ನು ಯಾರು ತಂದರೋ! ನಮ್ಮ ಕಡೆ ಯಾರೂ ರೇಡಿಯೇಷನ್ ಅನ್ನುವುದಿಲ್ಲ, ಕರೆಂಟ್ ಇಡುವುದು ಅಂತಲೇ. ಅದು ಮೈಯಲ್ಲಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು, ನಾನೂ ಗಂಟಲು ಹರಿದುಕೊಂಡೆ. ನೀನು ರವಿಕೆ ಸರಿಸಿ ಕಪ್ಪಗಾದ ಚರ್ಮ ತೋರಿಸಿದೆ. “ಮಿಷನ್ ಬಂದ್ ಆಗಿ ಎಷ್ಟು ದಿನ ಆತು? ಒಳಗಿಲ್ದೆ ಇನ್ನೂ ಹೆಂಗೆ ಸುಡ್ತೈತೆ, ಹೇಳು?” ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ನಾನೂ ಡಾಕ್ಟರು ಹೇಳಿದ್ದನ್ನೇ ಮತ್ತೆ ಒಪ್ಪಿಸಿದೆ. ಜರಿಯೂ ಲೋಹವೇ, ಅದರಲ್ಲೂ ಕರೆಂಟ್ ಹರಿಯುತ್ತದೆ ಎಂದು, ದಿನವೂ ಸೀರೆ ನೇಯುತ್ತಿದ್ದ ನೀನು ಮಗ್ಗಕ್ಕೂ ಕೂರಲಿಲ್ಲ. ಮೊಮ್ಮಗಳನ್ನು ದೂರದಿಂದಲೇ ನೋಡುತ್ತ ನೋಡುತ್ತ, ಅದೇ ವರ್ಷ ಹೊರಟೇಹೋದೆ.

ಕಳೆದ ವಾರ ಚಳ್ಳಕೆರೆಯಿಂದ ನಮ್ಮ ವಿದ್ಯಾರ್ಥಿಗಳನ್ನು ಉಳ್ಳಾರ್ತಿ ಕಾವಲಿನ ಬಳಿಯ ಸಂಶೋಧನಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ವಿಕಿರಣ ತಾಗಿದ ಜೀವಕೋಶಗಳ ಚಿತ್ರಗಳನ್ನು ಒಬ್ಬ ಸಂಶೋಧಕಿ ತೋರಿಸಿದಳು. ಕಿರಣ ಕ್ಷಣದಲ್ಲಿ ಹಾದುಹೋಗುತ್ತದೆ. ಆದರೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಗಳು ಏಟು ತಿಂದು, ತಾವು ಬಳಸುವ ಆಮ್ಲಜನಕವನ್ನೇ ವಿಷವಾಗಿಸಿ ಸೋರಿಸತೊಡಗುತ್ತವಂತೆ, ಕೆಟ್ಟ ಒಲೆ ಹೊಗೆ ಕಾರಿದ ಹಾಗೆ. ಆ ವಿಷ ಅವುಗಳನ್ನೇ ಇನ್ನಷ್ಟು ಕೆಡಿಸುತ್ತದೆ. ಕೋಶ ಸಾಯುವುದು ಎಷ್ಟೋ ಹೊತ್ತಿನ, ಕೆಲವೊಮ್ಮೆ ದಿನಗಳ ಮೇಲೆ. ಗಡ್ಡೆಯ ಕೋಶವೂ ಸಾಯುತ್ತದೆ, ಪಕ್ಕದ ಒಳ್ಳೆಯ ಚರ್ಮವೂ ಬೇಯುತ್ತದೆ. ಉತ್ಕರ್ಷಣ ಒತ್ತಡ ಎಂದು ಅದಕ್ಕೆ ಹೆಸರು.

ನೀನು ಕೇಳಿದ್ದು ಸರಿಯಾಗಿಯೇ ಇತ್ತು ಅವ್ವ. ಒಳಗೆ ಸುಡುತ್ತಲೇ ಇತ್ತು. ಆದರೆ ಅದು ನಿನ್ನ ಕೋಶಗಳದೇ ಸಂಕಟ, ಇನ್ನೊಬ್ಬರಿಗೆ ಹತ್ತುವಂಥದ್ದಲ್ಲ. ಹೀಗೆ ಬಿಡಿಸಿ ಹೇಳಿದ್ದರೆ ಕೂಸನ್ನು ಕಾಲ ಮೇಲೆ ಹಾಕಿಕೊಳ್ಳುತ್ತಿದ್ದೆಯಾ? ಬರುವಾಗ ಬಸ್ಸಿನಲ್ಲಿ ಮಕ್ಕಳೆದುರೇ ಅತ್ತುಬಿಟ್ಟೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ, ಬೈಯಬೇಡ. ಒಂದು ಮಧ್ಯಾಹ್ನ ನೀನು ಮಾತ್ರೆಯ ಮಂಪರಿನಲ್ಲಿದ್ದಾಗ ಪಾಪುವನ್ನು ನಿನ್ನ ತೋಳಿನ ಮೇಲೆ ಮಲಗಿಸಿದ್ದೆ. ಎರೆದ ತಲೆ ಇನ್ನೂ ಒದ್ದೆಯಿತ್ತು. ನಿನ್ನ ಸೆರಗು ಹಿಡಿದು ಹಾಯಾಗಿ ನಿದ್ದೆ ಮಾಡಿದಳು. ನೀನು ಏಳುವ ಮೊದಲೇ ಎತ್ತಿಕೊಂಡೆ.

ಈಗ ಅಂಗನವಾಡಿಗೆ ಹೋಗುತ್ತಾಳೆ. ಏನೂ ಆಗಿಲ್ಲ ಅವ್ವ, ಅವಳಿಗೆ.