ಕಾರಣ: ತಾಯಿಯ ದುಶ್ಚಟ

ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯ ಅಧ್ಯಕ್ಷರೇ,

ಮಾನ್ಯರೇ ಎಂದು ಶುರು ಮಾಡಬೇಕಿತ್ತು, ಕೈ ಬರಲಿಲ್ಲ. ನನ್ನ ಹದಿನೈದು ವರ್ಷದ ಮಗಳ ಪ್ರಮಾಣಪತ್ರದಲ್ಲಿ ‘ಕಾರಣ’ದ ಎದುರು ನೀವು ‘ತಾಯಿಯ ದುಶ್ಚಟ’ ಎಂದು ಬರೆದಿದ್ದೀರಿ. ಪರೀಕ್ಷೆಯಲ್ಲಿ ಅವಳಿಗೆ ಒಂದು ಗಂಟೆ ಹೆಚ್ಚು ಸಿಗಬೇಕಾದರೆ ಆ ಕಾಗದವನ್ನು ಶಾಲೆಯವರಿಗೆಲ್ಲ ತೋರಿಸಬೇಕು. ಮೊದಲು ಓದಿದವಳು ಅವಳೇ. “ಅಮ್ಮ, ನಾನು ಹೊಟ್ಟೇಲಿದ್ದಾಗ ನೀನು ಚಟಕ್ಕೆ ಕುಡೀತಿದ್ಯಾ?” ಎಂದು ಕೇಳಿದಳು. ನೀವು ಒಂದು ನಿಮಿಷದಲ್ಲಿ ಗೀಚಿದ್ದಕ್ಕೆ ಉತ್ತರವಾಗಿ ಈ ಪತ್ರ ಬರೆಯಲು ನನಗೆ ಮೂರು ದಿನ ಹಿಡಿಯಿತು.

ಹೌದು, ಕುಡಿದೆ. ನೂಲಿನ ಗಿರಣಿಯಲ್ಲಿ ಹತ್ತಿಯ ಧೂಳು ಹೊಕ್ಕು ಕೆಮ್ಮುವ ಹೆಂಗಸರು ನಾವು. ಕೆಮ್ಮಲು ಮುಖ ತಿರುಗಿಸಿದರೆ ಎಳೆ ಕಡಿದದ್ದು ಕಾಣುವುದಿಲ್ಲ. ಮಾಲೀಕರು ಧೂಳು ಹೀರುವ ಫ್ಯಾನು ಹಾಕಿಸಲಿಲ್ಲ, ಕೆಮ್ಮು ಅಡಗಿಸುವ ಸಿರಪ್ ತರಿಸಿದರು. ಅದರಲ್ಲಿ ಅಫೀಮಿನ ಜಾತಿಯ ಔಷಧವಿದೆ ಎಂದು ಆಗ ಯಾರೂ ಹೇಳಲಿಲ್ಲ. ಪಾಳಿಗೆ ಮುನ್ನ ಗಿರಣಿಯ ದವಾಖಾನೆಯ ಮುಂದೆ ಸಾಲು. ಸಿಸ್ಟರ್ ಎದುರಿಗೇ ಒಂದು ಚಮಚ ನುಂಗಿ, ಬಾಯಿ ತೆರೆದು ತೋರಿಸಿ, ಆಮೇಲೆ ಹಾಜರಿ. “ಗುಬ್ಬಿಮರಿಗಳ ಹಾಗೆ ಕಾಣ್ತೀವಿ ಕಣೇ,” ಎಂದು ಪಕ್ಕದ ಯಂತ್ರದವಳು ನಗುತ್ತಿದ್ದಳು. ಬಸಿರಾದಾಗ ನಾನು ಬೇಡವೆಂದೆ. “ಬಸುರಿಯರಿಗೂ ಕೊಡಿ ಅಂತ ಡಾಕ್ಟರೇ ಬರ್ದಿದಾರಮ್ಮ. ನುಂಗು, ಇಲ್ದಿದ್ರೆ ಹಾಜರಿ ಹಾಕಲ್ಲ,” ಎಂದರು ಸಿಸ್ಟರ್. ಬಾಯಿ ತೆರೆಸಿ ಪರೀಕ್ಷಿಸಿ ಮಾಡಿಸುವ ದುಶ್ಚಟವನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಮಗಳಿಗೆ ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದು ದಾರಿಯಲ್ಲೇ ಉದುರುತ್ತದೆ. ಒಲೆ ಆರಿಸಿ ಕೊಡೆ ತಾ ಎಂದರೆ ಕೊಡೆ ಬರುತ್ತದೆ, ಒಲೆ ಉರಿಯುತ್ತಿರುತ್ತದೆ. ಮಿದುಳಿನ ಸ್ಕ್ಯಾನ್ ಮಾಡಿದ ವೈದ್ಯೆ ಸಮಾಧಾನವಾಗಿ ಹೇಳಿದರು: “ಮಿದುಳಿನ ಒಂದು ಭಾಗ ಇನ್ನೊಂದರ ಜೊತೆ ಮಾತಾಡ್ಕೋಬೇಕು. ಇವಳಲ್ಲಿ ಆ ಮಾತುಕತೆ ಸ್ವಲ್ಪ ಸಡಿಲ. ನಿಮ್ಮ ಸಿರಪ್ಪಲ್ಲಿದ್ದಂಥ ಅಫೀಮಿನ ಜಾತಿಯ ಔಷಧ ಗರ್ಭದಲ್ಲಿ ಸೋಕಿದ ಮಕ್ಕಳಲ್ಲಿ ಹೀಗೆ ಕಂಡಿದ್ದುಂಟು. ಆದ್ರೆ ಒಂದು ಚಿತ್ರ ನೋಡಿ, ಇದರಿಂದಲೇ ಆಯ್ತು ಅಂತ ನಾನು ಹೇಳಲ್ಲಮ್ಮ.” ಅಷ್ಟು ದೊಡ್ಡ ಯಂತ್ರ ಹೇಳಲಾರದ ಕಾರಣ ನಿಮಗೆ ನನ್ನ ಸವೆದ ಚಪ್ಪಲಿ ನೋಡಿದ ಕೂಡಲೇ ಹೊಳೆಯಿತೇ?

ಮಂಡಳಿಯಲ್ಲಿ ನಿಮ್ಮ ಮುಂದೆ ಸಿರಪ್ಪಿನ ಮಾತೆತ್ತಿದೆ. “ಎಲ್ಲಾರೂ ಹೀಗೇ ಹೇಳ್ತಾರೆ, ಮುಂದಿನವರು ಬನ್ನಿ,” ಎಂದಿರಿ. ಆ ದನಿಯಲ್ಲೇ ನಿಮ್ಮ ಗುರುತು ಸಿಕ್ಕಿತು, ಪ್ರತಿ ಮಂಗಳವಾರ ಗಿರಣಿಗೆ ಬರುತ್ತಿದ್ದ ಡಾಕ್ಟರೇ. ಪ್ರಮಾಣಪತ್ರ ಓದಿದ ಮೇಲೆ ನೆಟ್ಟಗೆ ಹೋಗಿ ನಿವೃತ್ತರಾದ ಸಿಸ್ಟರ್ ಮನೆಯ ಬಾಗಿಲು ಬಡಿದೆ. ಟ್ರಂಕಿನ ತಳದಿಂದ ದವಾಖಾನೆಯ ಪುಸ್ತಕ ತೆಗೆದುಕೊಟ್ಟರು. “ಎಂದಾದ್ರೂ ನನ್ನ ತಲೆಗೆ ಕಟ್ತಾರೆ ಅಂತ ಇಟ್ಕೊಂಡಿದ್ದೆ ಕಣಮ್ಮ. ನಿನ್ನ ತಲೆಗೆ ಕಟ್ತಾರೆ ಅಂದ್ಕೊಂಡಿರಲಿಲ್ಲ.” ‘ಬಸುರಿಯರಿಗೂ ದಿನಕ್ಕೊಂದು ಚಮಚ’, ಕೆಳಗೆ ನಿಮ್ಮ ಸಹಿ. ಪ್ರಮಾಣಪತ್ರದ ಮೇಲೂ ಅದೇ ಸಹಿ, ಅದೇ ಮೇಲಕ್ಕೆತ್ತಿದ ಬಾಲ.

ನಿಮ್ಮ ಕ್ಷಮೆ ನನಗೆ ಬೇಡ, ನೀವೇ ಇಟ್ಟುಕೊಳ್ಳಿ. ಆ ಎರಡು ಪದ ಹೊಡೆದುಹಾಕಿ, ನನಗೆ ಏನು ಕುಡಿಸಲಾಯಿತು, ಯಾರ ಆದೇಶದಿಂದ ಎಂದು ನಿಮ್ಮ ಕೈಯಾರೆ ಬರೆದು ಸಹಿ ಮಾಡಿ. ಇಲ್ಲವಾದರೆ ಸೋಮವಾರ ಮಂಡಳಿ ಕೂರುವಾಗ ಗಿರಣಿಯ ಇಪ್ಪತ್ತಾರು ಹೆಂಗಸರು ಬಂದು ನಿಮ್ಮ ಮೇಜಿನ ಮುಂದೆ ಸಾಲಾಗಿ ನಿಲ್ಲುತ್ತೇವೆ. ನೀವು ದವಾಖಾನೆಯ ಪುಸ್ತಕದ ಆ ಪುಟವನ್ನು ನನ್ನ ಮಗಳ ಎದುರು ಗಟ್ಟಿಯಾಗಿ ಓದಬೇಕು. ಒಂದಕ್ಷರವನ್ನೂ ನುಂಗಿಲ್ಲವೆಂದು ಬಾಯಿ ತೆರೆದು ತೋರಿಸಬೇಕು. ಆಮೇಲೆ ನಿಮ್ಮ ಹಾಜರಿ ನಾವು ಹಾಕುತ್ತೇವೆ.

ಇಂತಿ,
ನಿಮ್ಮ ಚಮಚಕ್ಕೆ ಬಾಯಿ ತೆರೆದು ನಿಂತಿದ್ದ
ಗುಬ್ಬಿಮರಿಗಳಲ್ಲೊಬ್ಬಳು